ಚಂದಾ ಕಟ್ಟಿದರೆ ಸುದ್ದಿ ಸಾಚಾ ಆಗುತ್ತದೆಯೇ?

ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ಅಡಿಕೆ ಬೆಳೆಗಾರರ ಮನೆಗೆ ಬರುವ ಪತ್ರಿಕೆಯಲ್ಲಿ ಯಾರೂ ಅನುಮಾನಿಸದ ಮೂಲೆಯೊಂದಿದೆ. ಅದು ಮಾರುಕಟ್ಟೆ ಧಾರಣೆ. ಅಡಿಕೆಯ ಬಗೆಗಳಲ್ಲಿ ರಾಶಿ ಎಷ್ಟಕ್ಕೆ ಹೋಯಿತು, ಚಾಲಿ ಎಷ್ಟಕ್ಕೆ, ಬೆಟ್ಟೆ, ಬಿಳೆಗೋಟು, ಕೆಂಪುಗೋಟು ಎಷ್ಟಕ್ಕೆ, ಕನಿಷ್ಠ ಎಷ್ಟು, ಗರಿಷ್ಠ ಎಷ್ಟು. ಅದೇ ಪುಟದ ಮೇಲ್ಭಾಗದಲ್ಲಿರುವ ರಾಜಕೀಯ ವರದಿಯನ್ನು "ಅಂವ ಯಾವ ಪಾರ್ಟಿಯಂವ ಹೇಳಿ ಗೊತ್ತಿದ್ದು ತಗ" ಎಂದು ಬದಿಗೆ ಸರಿಸುವವರು ಕೂಡ ಧಾರಣೆಯ ಸಾಲನ್ನು ಹಾಗೆ ಸರಿಸುವುದಿಲ್ಲ. ಗಮನಿಸಿ, ಎರಡಕ್ಕೂ ಅವರು ಕೊಟ್ಟ ಬೆಲೆ ಒಂದೇ. ಒಂದೇ ಪತ್ರಿಕೆ, ಒಂದೇ ಚಂದಾ, ಒಂದೇ ದಿನ. ಆದರೂ ಒಂದರ ಮೇಲೆ ನಂಬಿಕೆ ಇದೆ, ಇನ್ನೊಂದರ ಮೇಲಿಲ್ಲ.

"ದುಡ್ಡು ಕೊಟ್ಟು ಸುದ್ದಿ ಓದಿ, ಆಗ ಮಾತ್ರ ಪ್ರಾಮಾಣಿಕ ಪತ್ರಿಕೋದ್ಯಮ ಉಳಿಯುತ್ತದೆ" ಎಂಬ ಮಾತನ್ನು ಈಚಿನ ವರ್ಷಗಳಲ್ಲಿ ಎಲ್ಲ ಕಡೆ ಕೇಳುತ್ತೇವೆ. ಆ ಮಾತಿನಲ್ಲಿ ನಿಜವಿದೆ, ಆದರೆ ಅರ್ಧ ನಿಜ. ಉಳಿದರ್ಧ ತಿಳಿಯಬೇಕಾದರೆ ಈ ಧಾರಣೆಯ ಅಂಕಣವನ್ನೇ ಮೊದಲು ನೋಡುವುದು ಒಳ್ಳೆಯದು.

ಅದನ್ನು ಯಾಕೆ ನಂಬುತ್ತೇವೆ? ಪರೀಕ್ಷಿಸಬಹುದು, ಅದಕ್ಕೆ. ಮಧ್ಯಾಹ್ನ ಟೆಂಡರ್ ಮುಗಿಯುವ ಹೊತ್ತಿಗೆ ಮಾರುಕಟ್ಟೆ ಪ್ರಾಂಗಣದಲ್ಲಿ ನಿಂತ ನೂರಾರು ಜನರಿಗೆ ಅಂದಿನ ದರ ಗೊತ್ತಿರುತ್ತದೆ. ಪತ್ರಿಕೆಯಲ್ಲಿ ಕ್ವಿಂಟಲಿಗೆ ಐನೂರು ರೂಪಾಯಿ ಹೆಚ್ಚುಕಮ್ಮಿ ಬಂದರೆ ಮರುದಿನ ಬೆಳಗಾಗುವುದರೊಳಗೆ ಕಚೇರಿಗೆ ಫೋನ್ ಬರುತ್ತದೆ. ತಪ್ಪು ದರ ನಂಬಿ ಮಾಲು ಬಿಟ್ಟವನಿಗೆ ನಷ್ಟ ಕೈಗೆ ತಟ್ಟುತ್ತದೆ, ಅವನು ಸುಮ್ಮನಿರುವುದಿಲ್ಲ. ಜಗತ್ತಿನ ದೊಡ್ಡ ಸುದ್ದಿಸಂಸ್ಥೆಗಳಲ್ಲಿ ಒಂದಾದ ರಾಯಿಟರ್ಸ್ ಹುಟ್ಟಿದ್ದೂ ಇದೇ ದಾರಿಯಲ್ಲಿ. 1850ರಲ್ಲಿ ಜೂಲಿಯಸ್ ರಾಯಿಟರ್ ಜರ್ಮನಿಯ ಆಕೆನ್ ಮತ್ತು ಬೆಲ್ಜಿಯಂನ ಬ್ರಸೆಲ್ಸ್ ನಡುವೆ ಪಾರಿವಾಳಗಳ ಮೂಲಕ ಕಳಿಸುತ್ತಿದ್ದದ್ದು ಷೇರುಪೇಟೆಯ ದರಗಳನ್ನು. ಮರುವರ್ಷ ಲಂಡನ್‌ನಲ್ಲಿ ಕಚೇರಿ ತೆರೆದಾಗಲೂ ಗಿರಾಕಿಗಳು ವ್ಯಾಪಾರಸ್ಥರೇ. ತಪ್ಪಾದರೆ ತನಗೇ ನಷ್ಟ ಎಂದು ಗೊತ್ತಿರುವವನು ಸರಿಯಾದ ಸುದ್ದಿಗೆ ಒಳ್ಳೆಯ ಬೆಲೆ ಕೊಡುತ್ತಾನೆ, ತಪ್ಪಿದರೆ ಮರುದಿನವೇ ಬಿಟ್ಟುಹೋಗುತ್ತಾನೆ. ಅಲ್ಲಿ ದುಡ್ಡಿಗೂ ನಿಖರತೆಗೂ ನೇರ ಸಂಬಂಧವಿದೆ.

ತೊಂದರೆ ಏನೆಂದರೆ, ಮಿಕ್ಕ ಸುದ್ದಿಗಳಲ್ಲಿ ಹೆಚ್ಚಿನವನ್ನು ಓದುಗ ಹೀಗೆ ಪರೀಕ್ಷಿಸಲಾರ. ದೆಹಲಿಯಲ್ಲಿ ಸಚಿವರು ಏನು ಹೇಳಿದರು, ಕೈಗಾ ಸ್ಥಾವರದ ಸುತ್ತಲಿನ ಆರೋಗ್ಯ ಸಮೀಕ್ಷೆ ಹೇಗೆ ನಡೆಯಿತು, ಹೆದ್ದಾರಿಯ ಗುತ್ತಿಗೆ ಯಾವ ಷರತ್ತಿನ ಮೇಲೆ ಕೊಟ್ಟರು ಎಂಬುದನ್ನು ಭಟ್ಕಳದಲ್ಲೋ ಜೊಯಿಡಾದಲ್ಲೋ ಕೂತ ಓದುಗ ತಾನಾಗಿ ತಾಳೆ ನೋಡುವುದು ಹೇಗೆ? ತಪ್ಪು ಸುದ್ದಿ ಓದಿದ್ದರಿಂದ ಅವನಿಗೆ ಅಂದೇ ನಷ್ಟವಾಗುವುದೂ ಇಲ್ಲ. ಹಾಗಾಗಿ ಕೊಟ್ಟ ದುಡ್ಡಿಗೆ ತಕ್ಕ ಮಾಲು ಸಿಕ್ಕಿತೇ ಎಂದು ತಿಳಿಯುವ ದಾರಿ ಅವನಿಗಿಲ್ಲ. ಬೆಲೆ ಹೆಚ್ಚಿದ ಮಾತ್ರಕ್ಕೆ ಗುಣಮಟ್ಟ ಹೆಚ್ಚುತ್ತದೆ ಎಂಬ ಲೆಕ್ಕ ಇಲ್ಲಿ ಮುರಿಯುತ್ತದೆ.

ಸುದ್ದಿಗೆ ನಿಜವಾಗಿ ದುಡ್ಡು ಕೊಡುವವರು

ನಾವು ಈಗಲೂ ದುಡ್ಡು ಕೊಟ್ಟೇ ಪತ್ರಿಕೆ ತರಿಸುತ್ತೇವಲ್ಲ ಎಂದು ಕೇಳಬಹುದು. ಕೊಡುತ್ತೇವೆ, ಆದರೆ ಆ ದುಡ್ಡಿನಲ್ಲಿ ಪತ್ರಿಕೆ ನಡೆಯುವುದಿಲ್ಲ. ಕಾಗದ, ಮಸಿ, ಅಚ್ಚು, ಹುಬ್ಬಳ್ಳಿಯಿಂದಲೋ ಮಂಗಳೂರಿನಿಂದಲೋ ರಾತ್ರೋರಾತ್ರಿ ಹೊರಡುವ ವಾಹನ, ಏಜೆಂಟರ ಕಮಿಷನ್, ಮಳೆಯಲ್ಲಿ ಮನೆಮನೆಗೆ ಹಾಕುವ ಹುಡುಗನ ಕೂಲಿ ಇಷ್ಟನ್ನು ಕಳೆದರೆ, ಮುಖಪುಟದ ಮೇಲೆ ನಮೂದಾದ ಬೆಲೆಯಲ್ಲಿ ಸುದ್ದಿ ತಂದವನಿಗೆ ಉಳಿಯುವುದು ತೀರಾ ಕಡಿಮೆ. ಓದಿ ಮುಗಿದ ಮೇಲೆ ರದ್ದಿಗೆ ಹಾಕಿ ಒಂದಿಷ್ಟು ದುಡ್ಡನ್ನು ನಾವೇ ವಾಪಸ್ ಪಡೆಯುತ್ತೇವೆ. 1994ರಲ್ಲಿ ಟೈಮ್ಸ್ ಆಫ್ ಇಂಡಿಯಾ ದೆಹಲಿಯಲ್ಲಿ ಬೆಲೆ ಇಳಿಸಿದ ಮೇಲೆ ದೇಶದ ಪತ್ರಿಕೆಗಳು ಒಂದರ ಹಿಂದೆ ಒಂದು ದರಸಮರಕ್ಕಿಳಿದವು. ಓದುಗನಿಗೆ ಪತ್ರಿಕೆ ಅಗ್ಗವಾಯಿತು, ಮಾಲೀಕನಿಗೆ ಜಾಹೀರಾತುದಾರ ಅನಿವಾರ್ಯನಾದ.

ಇದು ತಾಲ್ಲೂಕು ಮಟ್ಟಕ್ಕೆ ಇಳಿದಾಗ ಹೇಗಿರುತ್ತದೆ ಎಂಬುದು ಬೆಂಗಳೂರಿನ ಚರ್ಚೆಗಳಲ್ಲಿ ಕಾಣಿಸುವುದಿಲ್ಲ. ತಾಲ್ಲೂಕಿನ ವರದಿಗಾರರಲ್ಲಿ ಅನೇಕರು ಸಂಬಳದವರಲ್ಲ, ಗೌರವಧನದ ಮೇಲೆ ದುಡಿಯುವವರು. ಮಾರಿಕಾಂಬಾ ಜಾತ್ರೆಯ ವಿಶೇಷ ಪುರವಣಿ, ದೀಪಾವಳಿ ಸಂಚಿಕೆ, ಕರಾವಳಿ ಉತ್ಸವದ ಪುಟ, ಯಾರೋ ಮುಖಂಡರ ಹುಟ್ಟುಹಬ್ಬ ಬಂದಾಗ ಜಾಹೀರಾತು ತರುವ ಕೆಲಸವೂ ಅವರ ಹೆಗಲಿಗೇ ಬೀಳುತ್ತದೆ. ಬೆಳಗ್ಗೆ ಗುತ್ತಿಗೆದಾರನ ಕಚೇರಿಯಲ್ಲಿ ಕಾಲು ಪುಟದ ಜಾಹೀರಾತಿಗೆ ಕೇಳಿಕೊಂಡು ಕೂತವನು ಸಂಜೆ ಅದೇ ಗುತ್ತಿಗೆದಾರ ಮಾಡಿದ ರಸ್ತೆ ಮೊದಲ ಮಳೆಗೇ ಕಿತ್ತು ಹೋದದ್ದನ್ನು ಬರೆಯಬೇಕು. ಬರೆಯಬೇಡ ಎಂದು ಯಾರೂ ಅವನಿಗೆ ಹೇಳುವುದಿಲ್ಲ. ಅವನೇ ಬರೆಯುವುದಿಲ್ಲ. "ರಸ್ತೆ ದುರಸ್ತಿಗೆ ಸಾರ್ವಜನಿಕರ ಆಗ್ರಹ" ಎಂದು ನಾಲ್ಕು ಸಾಲು ಬರುತ್ತದೆ, ರಸ್ತೆ ಯಾರು ಮಾಡಿದ್ದು ಎಂಬುದು ಇರುವುದಿಲ್ಲ. ಈ ಮನುಷ್ಯನನ್ನು ದೂರುವುದಕ್ಕೆ ನನಗೆ ಮನಸ್ಸಿಲ್ಲ. ಅವನ ಮನೆ ನಡೆಯುವುದು ಓದುಗನ ದುಡ್ಡಿನಿಂದಲ್ಲ ಎಂಬುದನ್ನಷ್ಟೇ ಹೇಳುತ್ತಿದ್ದೇನೆ. ಜಿಲ್ಲೆಯೊಳಗೇ ಅಚ್ಚಾಗುವ ಸಣ್ಣ ಪತ್ರಿಕೆಗಳ ವಿಷಯದಲ್ಲಿ ಇನ್ನೊಬ್ಬ ದೊಡ್ಡ ಜಾಹೀರಾತುದಾರ ಸೇರಿಕೊಳ್ಳುತ್ತಾನೆ, ಸರ್ಕಾರ. ಟೆಂಡರ್ ಪ್ರಕಟಣೆ ನಿಂತರೆ ಉಸಿರು ಕಟ್ಟುವ ಪತ್ರಿಕೆಗಳು ಎಷ್ಟೋ.

ಇದರ ಕೊನೆಯ ಮೆಟ್ಟಿಲೇ ಕಾಸಿಗಾಗಿ ಸುದ್ದಿ. 2009ರ ಚುನಾವಣೆಗಳ ನಂತರ ಗದ್ದಲವೆದ್ದು, ಭಾರತೀಯ ಪತ್ರಿಕಾ ಮಂಡಳಿ ಪರಂಜಯ್ ಗುಹಾ ಠಾಕುರ್ತಾ ಮತ್ತು ಕೆ. ಶ್ರೀನಿವಾಸ ರೆಡ್ಡಿ ಅವರಿಂದ ತನಿಖೆ ಮಾಡಿಸಿತು. ಅಭ್ಯರ್ಥಿಗಳು ದುಡ್ಡು ಕೊಟ್ಟು ತಮ್ಮ ಹೊಗಳಿಕೆಯನ್ನು ಸುದ್ದಿಯ ರೂಪದಲ್ಲೇ ಹಾಕಿಸಿಕೊಂಡ ಬಗೆಯನ್ನು ವರದಿ ಪತ್ರಿಕೆಗಳ ಹೆಸರು ಹಿಡಿದು ಹೇಳಿತ್ತು. ಮಂಡಳಿ 2010ರಲ್ಲಿ ಮೊದಲು ಹೊರಬಿಟ್ಟದ್ದು ಮೊಟಕುಗೊಳಿಸಿದ ರೂಪವನ್ನು. ಪೂರ್ತಿ ವರದಿ ಬಹಿರಂಗವಾಗಲು ಕೇಂದ್ರ ಮಾಹಿತಿ ಆಯೋಗ ಆದೇಶಿಸಬೇಕಾಯಿತು. 2011ರಲ್ಲಿ ಉತ್ತರ ಪ್ರದೇಶದ ಶಾಸಕಿ ಉಮ್ಲೇಶ್ ಯಾದವ್ ಅವರನ್ನು ಚುನಾವಣಾ ಆಯೋಗ ಮೂರು ವರ್ಷ ಅನರ್ಹಗೊಳಿಸಿದ್ದು ಇಂಥ ಸುದ್ದಿಯ ಖರ್ಚನ್ನು ಲೆಕ್ಕದಲ್ಲಿ ತೋರಿಸದೇ ಇದ್ದುದಕ್ಕೆ. ಆ ಸುದ್ದಿ ಓದಿದ ಜನರೂ ಆ ದಿನದ ಪತ್ರಿಕೆಗೆ ದುಡ್ಡು ಕೊಟ್ಟವರೇ ಆಗಿದ್ದರು.

ಟಿವಿಯ ಕಥೆಯೂ ಬೇರೆಯಲ್ಲ. ಕೇಬಲ್ಲಿಗೋ ಡಿಶ್‌ಗೋ ಪ್ರತಿ ತಿಂಗಳು ಹಣ ಕಟ್ಟುತ್ತೇವೆ, ಆದರೆ ಅದರಲ್ಲಿ ಸುದ್ದಿವಾಹಿನಿಗೆ ಹೋಗುವುದು ಪುಡಿಗಾಸು, ಹಲವು ವಾಹಿನಿಗಳಿಗೆ ಅದೂ ಇಲ್ಲ. ನಮ್ಮ ಮನೆಯ ಡಬ್ಬಿಯಲ್ಲಿ ಜಾಗ ಪಡೆಯಲು ವಾಹಿನಿಯೇ ಕೇಬಲ್ ಕಂಪನಿಗೆ ದುಡ್ಡು ಕೊಡುವುದುಂಟು. ಅವರ ಅನ್ನ ಟಿಆರ್‌ಪಿಯಲ್ಲಿದೆ. ಆ ಲೆಕ್ಕದಲ್ಲೇ ಮೋಸ ನಡೆದಿದೆ ಎಂಬ ಆರೋಪ ಬಂದು ರೇಟಿಂಗ್ ಸಂಸ್ಥೆ ಬಾರ್ಕ್ 2020ರ ಅಕ್ಟೋಬರಿನಿಂದ 2022ರ ಮಾರ್ಚ್‌ವರೆಗೆ ಸುದ್ದಿವಾಹಿನಿಗಳ ಅಂಕಿ ಬಿಡುಗಡೆಯನ್ನೇ ನಿಲ್ಲಿಸಿತ್ತು.

ಓದುಗನೇ ಯಜಮಾನನಾದರೆ?

ಹಾಗಾದರೆ ಜಾಹೀರಾತನ್ನೇ ಬಿಟ್ಟು ಓದುಗರ ದುಡ್ಡಿನಲ್ಲಿ ಪತ್ರಿಕೆ ನಡೆಸಿದರೆ? ಕನ್ನಡಿಗರಿಗೆ ಇದು ಹೊಸ ವಿಚಾರವೇ ಅಲ್ಲ. 1980ರಲ್ಲಿ ಶುರುವಾದ ಲಂಕೇಶ್ ಪತ್ರಿಕೆ ಜಾಹೀರಾತು ಇಲ್ಲದೆ, ಕೊಂಡು ಓದುವವರ ಕಾಸಿನ ಮೇಲೇ ನಿಂತಿತು. ಗುಂಡೂರಾವ್ ಸರ್ಕಾರದ ವಿರುದ್ಧ ಅದು ಬರೆದಂತೆ ಜಾಹೀರಾತು ನೆಚ್ಚಿದ ಪತ್ರಿಕೆ ಬರೆಯುವುದು ಕಷ್ಟವಿತ್ತು. ಸ್ವಾತಂತ್ರ್ಯವನ್ನು ಓದುಗನ ದುಡ್ಡು ಕೊಡಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಆದರೆ ಅದು ನಿಷ್ಪಕ್ಷಪಾತಿ ಆಗಿತ್ತೇ? ಇಲ್ಲ, ಆಗುವ ಉದ್ದೇಶವೂ ಅದಕ್ಕಿರಲಿಲ್ಲ. ಅದಕ್ಕೆ ಖಚಿತವಾದ ಒಲವುಗಳಿದ್ದವು, ಸಿಟ್ಟುಗಳಿದ್ದವು. ನಮ್ಮ ಜಿಲ್ಲೆಯಲ್ಲಿ ದಿನಕರ ದೇಸಾಯಿಯವರು ನಡೆಸಿದ 'ಜನಸೇವಕ' ವಾರಪತ್ರಿಕೆಯೂ ಹಾಗೆಯೇ. ರೈತ ಚಳವಳಿ ಕಟ್ಟಿದ್ದಕ್ಕಾಗಿ ಬ್ರಿಟಿಷರಿಂದ ಜಿಲ್ಲೆಯಿಂದಲೇ ಗಡೀಪಾರಾಗಿದ್ದ ಮನುಷ್ಯ ಗೇಣಿದಾರನಿಗೂ ಭೂಮಾಲೀಕನಿಗೂ ನಡುವೆ ತಕ್ಕಡಿ ಹಿಡಿದು ಕೂರುತ್ತಾರೆಂದು ಯಾರೂ ಎಣಿಸಿರಲಿಲ್ಲ.

ಸ್ವಾತಂತ್ರ್ಯ ಬೇರೆ, ನಿಷ್ಪಕ್ಷತೆ ಬೇರೆ, ನಂಬಿಕೆ ಮತ್ತೂ ಬೇರೆ. ಚಂದಾ ಕೇಳುವವರು ಮೂರನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಮಾರುತ್ತಾರೆ, ಅಲ್ಲೇ ಗೊಂದಲ ಹುಟ್ಟುವುದು.

ಓದುಗನೂ ಒಬ್ಬ ಯಜಮಾನನೇ, ಅವನಿಗೂ ಇಷ್ಟಾನಿಷ್ಟಗಳಿವೆ. ಅಮೆರಿಕದ ಫಾಕ್ಸ್ ನ್ಯೂಸ್ ಇದಕ್ಕೆ ಕಣ್ಣು ತೆರೆಸುವ ಉದಾಹರಣೆ. ಅದರ ಆದಾಯದ ದೊಡ್ಡ ಪಾಲು ಬರುವುದು ಕೇಬಲ್ ಶುಲ್ಕದಿಂದ, ಅಂದರೆ ಅಂತಿಮವಾಗಿ ಮನೆಮನೆಯ ವೀಕ್ಷಕರಿಂದ. 2020ರ ಅಧ್ಯಕ್ಷೀಯ ಚುನಾವಣೆಯಲ್ಲಿ ಮತಯಂತ್ರಗಳ ಮೂಲಕ ಮೋಸವಾಗಿದೆ ಎಂಬ ಮಾತು ಆ ವಾಹಿನಿಯಲ್ಲಿ ಹರಿದಾಡಿತು. ಡೊಮಿನಿಯನ್ ಎಂಬ ಮತಯಂತ್ರ ಕಂಪನಿ ಮಾನನಷ್ಟ ಮೊಕದ್ದಮೆ ಹೂಡಿದಾಗ ಒಳಗಿನ ಸಂದೇಶಗಳು ನ್ಯಾಯಾಲಯದ ದಾಖಲೆಯಾಗಿ ಹೊರಬಂದವು. ತೆರೆಯ ಮೇಲಿದ್ದ ಕೆಲವರೇ ಆ ಮಾತನ್ನು ನಂಬಿರಲಿಲ್ಲ. ಆದರೂ ಅದನ್ನು ಅಲ್ಲಗಳೆದರೆ ವೀಕ್ಷಕರು ಪ್ರತಿಸ್ಪರ್ಧಿ ವಾಹಿನಿಗೆ ಹೋಗುತ್ತಾರೆಂಬ ಭಯ ಆ ಸಂದೇಶಗಳ ತುಂಬ ಇತ್ತು. 2023ರ ಏಪ್ರಿಲ್‌ನಲ್ಲಿ ಸುಮಾರು 78.75 ಕೋಟಿ ಡಾಲರ್ ಕೊಟ್ಟು ಫಾಕ್ಸ್ ರಾಜಿ ಮಾಡಿಕೊಂಡಿತು. ಜಾಹೀರಾತುದಾರನ ಒತ್ತಡದಿಂದಲ್ಲ, ತನ್ನದೇ ನೋಡುಗರನ್ನು ಕಳೆದುಕೊಳ್ಳುವ ಹೆದರಿಕೆಯಿಂದ ಹುಟ್ಟಿದ ಸುಳ್ಳು ಅದು. ನಮ್ಮಲ್ಲೂ ಒಂದು ಜಾತಿಯ, ಒಂದು ಪಕ್ಷದ, ಒಂದು ಮಠದ ಭಕ್ತರ ಚಂದಾದಿಂದಲೇ ನಡೆಯುವ ಪತ್ರಿಕೆ ಆ ಗುಂಪಿಗೆ ಕಹಿಯಾದ ಸತ್ಯ ಬರೆಯುವುದು ಎಷ್ಟು ಕಷ್ಟ ಎಂದು ಊಹಿಸಿ ನೋಡಿ.

ನ್ಯೂಯಾರ್ಕ್ ಟೈಮ್ಸ್ ಬಗ್ಗೆಯೂ ಒಂದು ಮಾತು. 2011ರಲ್ಲಿ ಅದು ತನ್ನ ಜಾಲತಾಣಕ್ಕೆ ಚಂದಾ ಬೇಲಿ (ದುಡ್ಡು ಕಟ್ಟಿದವರಿಗೆ ಮಾತ್ರ ಓದಲು ಬಿಡುವ ಏರ್ಪಾಡು) ಹಾಕಿದಾಗ ನಕ್ಕವರೇ ಹೆಚ್ಚು. ಮರುವರ್ಷವೇ ಓದುಗರಿಂದ ಬಂದ ಹಣ ಜಾಹೀರಾತಿನ ಹಣವನ್ನು ಮೀರಿತು, 2023ರ ಹೊತ್ತಿಗೆ ಚಂದಾದಾರರು ಒಂದು ಕೋಟಿ ದಾಟಿದರು. ಆದರೆ ಅವರಲ್ಲಿ ಬಹಳಷ್ಟು ಮಂದಿ ಅಡುಗೆ ಮತ್ತು ಪದಬಂಧದ ಆಟಗಳಿಗಾಗಿಯೂ ಬಂದವರು. ಶುದ್ಧ ಸುದ್ದಿಗೆ ಮಾತ್ರ ದುಡ್ಡು ಬಿಚ್ಚುವವರು ಅಲ್ಲೂ ಅಪರೂಪ ಎಂಬುದನ್ನು ನಾವು ಮರೆಯಬಾರದು.

ದುಡ್ಡು ಕೊಳ್ಳುವುದು ಏನನ್ನು?

ನನ್ನ ತಿಳಿವಳಿಕೆಯಲ್ಲಿ ಓದುಗನ ದುಡ್ಡು ಖಚಿತವಾಗಿ ಕೊಳ್ಳಬಲ್ಲದ್ದು ಒಂದೇ: ವರದಿಗಾರನ ಸಮಯ. ಉಳಿದದ್ದೆಲ್ಲ ಆ ಸಮಯವನ್ನು ಅವನು ಹೇಗೆ ಬಳಸುತ್ತಾನೆ ಎಂಬುದರ ಮೇಲೆ ನಿಂತಿದೆ.

ಅಂಕೋಲೆಯ ಕೇಣಿಯಲ್ಲಿ ಬಂದರು ಕಟ್ಟುವ ಪ್ರಸ್ತಾವ ಬಂದಿದೆ, ಮೀನುಗಾರರು ವಿರೋಧಿಸುತ್ತಿದ್ದಾರೆ. ಇಂಥ ಯೋಜನೆಗೆ 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ ಸಾರ್ವಜನಿಕ ಅಹವಾಲು ಸಭೆ ನಡೆಸಬೇಕು, ಕನಿಷ್ಠ ಮೂವತ್ತು ದಿನ ಮುಂಚೆ ಒಂದು ರಾಷ್ಟ್ರೀಯ ದಿನಪತ್ರಿಕೆಯಲ್ಲೂ ಒಂದು ಪ್ರಾದೇಶಿಕ ಭಾಷೆಯ ದಿನಪತ್ರಿಕೆಯಲ್ಲೂ ಸೂಚನೆ ಹಾಕಬೇಕು. ಆ ಸೂಚನೆಯೇ ಒಂದು ಜಾಹೀರಾತು. ಯೋಜನೆಯ ಕರಡು ವರದಿ ಜಿಲ್ಲಾಧಿಕಾರಿ ಕಚೇರಿಯಲ್ಲಿ, ಜಿಲ್ಲಾ ಪಂಚಾಯಿತಿಯಲ್ಲಿ ನೋಡಲು ಸಿಗಬೇಕು. ನೂರಾರು ಪುಟದ ವರದಿ ಅದು. ಹೂಳೆತ್ತಿದ ಮಣ್ಣು ಎಲ್ಲಿಗೆ ಹೋಗುತ್ತದೆ, ಅಲೆತಡೆ ಗೋಡೆ ಕಟ್ಟಿದ ಮೇಲೆ ಮರಳು ಯಾವ ದಿಕ್ಕಿಗೆ ಸರಿಯುತ್ತದೆ, ಕಡಲಿನ ಮಾದರಿ ಸಂಗ್ರಹಿಸಿದ್ದು ಯಾವ ತಿಂಗಳಲ್ಲಿ, ಮಳೆಗಾಲದಲ್ಲೋ ಬೇಸಿಗೆಯಲ್ಲೋ, ನಾಡದೋಣಿಯವರು ಎಷ್ಟು ಮಂದಿ ಎಂದು ಬರೆದಿದ್ದಾರೆ, ಆ ಸಂಖ್ಯೆ ಮೀನುಗಾರಿಕೆ ಇಲಾಖೆಯ ಲೆಕ್ಕಕ್ಕೆ ಹೊಂದುತ್ತದೆಯೇ? ಇದನ್ನು ಓದಿ, ತಿಳಿದವರಿಗೆ ತೋರಿಸಿ, ಊರಿಗೆ ಹೋಗಿ ತಾಳೆ ನೋಡಿ ಬರೆಯಲು ಒಬ್ಬ ಒಳ್ಳೆಯ ವರದಿಗಾರನಿಗೂ ವಾರಗಳು ಬೇಕು. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದರೆ ಉತ್ತರಕ್ಕೇ ಮೂವತ್ತು ದಿನ, ಕೊಡದಿದ್ದರೆ ಮೇಲ್ಮನವಿಗೆ ಇನ್ನಷ್ಟು ದಿನ. ಅಷ್ಟು ದಿನ ಅವನಿಗೆ ಸಂಬಳ ಕೊಡುವವರು ಯಾರು?

ಯಾರೂ ಕೊಡದಿದ್ದರೆ ಏನಾಗುತ್ತದೆ ಎಂಬುದು ನಮಗೆ ಗೊತ್ತೇ ಇದೆ. ಅಹವಾಲು ಸಭೆಯ ದಿನ ಗದ್ದಲದ ಫೋಟೊ, ಪರವಾಗಿ ಮಾತಾಡಿದವರ ಎರಡು ಸಾಲು, ವಿರೋಧವಾಗಿ ಮಾತಾಡಿದವರ ಎರಡು ಸಾಲು. ನೋಡಲು ಇದು ಪೂರ್ತಿ ನಿಷ್ಪಕ್ಷಪಾತ ವರದಿ. ಎರಡೂ ಕಡೆಗೆ ಸಮಾನ ಜಾಗ ಸಿಕ್ಕಿದೆ, ಯಾರೂ ದೂರುವಂತಿಲ್ಲ. ಆದರೆ ಮರಳು ಯಾವ ಕಡೆ ಸರಿಯುತ್ತದೆ ಎಂಬ ಪ್ರಶ್ನೆಗೆ ಉತ್ತರವಿಲ್ಲ. ಆ ಉತ್ತರ ಇಬ್ಬರ ಅಭಿಪ್ರಾಯಗಳ ಮಧ್ಯದಲ್ಲಿ ಎಲ್ಲೋ ಇರುವಂಥದ್ದಲ್ಲ, ದಾಖಲೆಯಲ್ಲೂ ದಡದಲ್ಲೂ ಇರುವಂಥದ್ದು. ನಿಷ್ಪಕ್ಷತೆಯ ಹೆಸರಿನಲ್ಲಿ ಸೋಮಾರಿತನ ಬಚ್ಚಿಟ್ಟುಕೊಳ್ಳುವುದು ಹೀಗೆ. ಮೀನುಗಾರರ ಪರ ಒಲವಿರುವ ವರದಿಗಾರನೊಬ್ಬ ಪೂರ್ತಿ ವರದಿ ಓದಿ, ಪುಟಸಂಖ್ಯೆ ಸಮೇತ ಬರೆದು, ಕಂಪನಿಯ ಉತ್ತರವನ್ನೂ ಕೇಳಿ ಹಾಕಿದರೆ ಅದು ನನಗೆ ಹೆಚ್ಚು ನಂಬಿಕೆಗೆ ಅರ್ಹ. ಅವನ ಒಲವು ನನಗೆ ಗೊತ್ತು, ಅವನು ತೋರಿಸಿದ ಪುಟವನ್ನು ನಾನೂ ತೆರೆದು ನೋಡಬಹುದು.

2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದಾಗಲೂ ಸಮಯದ ಪ್ರಶ್ನೆಯೇ ಕಂಡಿತು. ಗಂಗಾವಳಿಯ ದಡದಲ್ಲಿ ಚಹಾದ ಅಂಗಡಿ ಇಟ್ಟುಕೊಂಡಿದ್ದ ಕುಟುಂಬ ಮಣ್ಣಿನಡಿ ಸೇರಿತು, ಎದ್ದ ನೀರು ಆಚೆ ದಡದ ಉಳುವರೆಯ ಮನೆಗಳಿಗೆ ಅಪ್ಪಳಿಸಿತು. ಕೇರಳದ ಲಾರಿ ಚಾಲಕರೊಬ್ಬರು ನಾಪತ್ತೆಯಾದ ಕಾರಣ ಮಲಯಾಳಂ ವಾಹಿನಿಗಳು ವಾರಗಟ್ಟಲೆ ಅಲ್ಲಿಯೇ ಬೀಡುಬಿಟ್ಟವು. ಅವರ ಒತ್ತಡದಿಂದ ಹುಡುಕಾಟ ನಿಲ್ಲದೆ ಮುಂದುವರಿಯಿತು ಎಂಬುದನ್ನು ಒಪ್ಪಲೇಬೇಕು. ಸೆಪ್ಟೆಂಬರ್ 25ರಂದು ನದಿಯಿಂದ ಲಾರಿ ಮೇಲೆ ಬಂತು. ಆದರೆ ಕ್ಯಾಮೆರಾ ತಿರುಗಿದ್ದು ಆಯಾ ವಾಹಿನಿಯ ನೋಡುಗರ ಮನಸ್ಸು ಇದ್ದ ಕಡೆಗೆ. ಆಚೆ ದಡದ ಉಳುವರೆಗೆ, ಸ್ಥಳೀಯ ಸಂತ್ರಸ್ತರ ಮನೆಗಳಿಗೆ ಆ ಗಮನದ ಸಣ್ಣ ಪಾಲೂ ಸಿಗಲಿಲ್ಲ. ಹೆದ್ದಾರಿಗಾಗಿ ಗುಡ್ಡವನ್ನು ಯಾವ ಕೋನದಲ್ಲಿ ಕಡಿದರು, ಅದಕ್ಕೆ ಒಪ್ಪಿಗೆ ಕೊಟ್ಟವರು ಯಾರು ಎಂಬ ಪ್ರಶ್ನೆಯನ್ನು ವರ್ಷಗಟ್ಟಲೆ ಬೆನ್ನು ಹತ್ತಬೇಕಾದವರು ನಮ್ಮವರು. ಅದಕ್ಕೆ ಟಿಆರ್‌ಪಿ ಸಿಗುವುದಿಲ್ಲ, ಜಾಹೀರಾತೂ ಸಿಗುವುದಿಲ್ಲ. ಓದುಗನ ದುಡ್ಡಿಗೆ ನಿಜವಾದ ಕೆಲಸ ಇರುವುದು ಇಂಥಲ್ಲಿ.

ಚಂದಾ ಬೇಲಿಗೆ ಇನ್ನೊಂದು ಮುಖವಿದೆ, ಅದು ನನ್ನನ್ನು ಹೆಚ್ಚು ಕಾಡುತ್ತದೆ. ಒಳ್ಳೆಯ ಸುದ್ದಿಗೆ ಬೀಗ ಹಾಕಿದರೆ ಬೀಗವಿಲ್ಲದ್ದು ಊರೆಲ್ಲ ಓಡಾಡುತ್ತದೆ. 2017ರ ಡಿಸೆಂಬರ್‌ನಲ್ಲಿ ಹೊನ್ನಾವರದಲ್ಲಿ ಯುವಕನೊಬ್ಬನ ಸಾವಿನ ಸುತ್ತ ಹಬ್ಬಿದ ಚಿತ್ರಹಿಂಸೆಯ ಕಥೆಗಳು ವಾಟ್ಸ್ಆ್ಯಪ್‌ನಲ್ಲಿ ಪುಕ್ಕಟೆಯಾಗಿ ಬಂದವು. ಕುಮಟಾ, ಶಿರಸಿಯವರೆಗೆ ಗಲಭೆ ಹಬ್ಬಿತು. ಅದು ಆಕಸ್ಮಿಕ ಸಾವು ಎಂದು ಸಿಬಿಐ ನ್ಯಾಯಾಲಯಕ್ಕೆ ವರದಿ ಕೊಟ್ಟದ್ದು 2022ರಲ್ಲಿ. ಅಂಥ ದಿನಗಳಲ್ಲಿ ಸರಿಯಾದ ವರದಿ ಚಂದಾದಾರರಿಗೆ ಮಾತ್ರ ಸಿಗುವುದಾದರೆ, ಅದರ ಅಗತ್ಯ ಅತಿ ಹೆಚ್ಚಾಗಿರುವ ಓಣಿಗೆ ಅದು ತಲುಪುವುದೇ ಇಲ್ಲ. ಆನ್‌ಲೈನ್ ಸುದ್ದಿಗೆ ದುಡ್ಡು ಕೊಡುವವರ ಪ್ರಮಾಣ ಶ್ರೀಮಂತ ದೇಶಗಳಲ್ಲೇ ಕಡಿಮೆ. ರಾಯಿಟರ್ಸ್ ಇನ್‌ಸ್ಟಿಟ್ಯೂಟ್‌ನ 2024ರ ಸಮೀಕ್ಷೆಯಲ್ಲಿ ಇಪ್ಪತ್ತು ದೇಶಗಳ ಸರಾಸರಿ ಶೇ 17, ನಾರ್ವೆಯಲ್ಲಿ ಮಾತ್ರ ಶೇ 40. ಬ್ರಿಟನ್ನಿನ ಗಾರ್ಡಿಯನ್ ಬೇರೆ ದಾರಿ ಹಿಡಿದಿದೆ. ಅದರ ಒಡೆತನ 1936ರಿಂದಲೂ ಸ್ಕಾಟ್ ಟ್ರಸ್ಟ್‌ನದು. ಜಾಲತಾಣಕ್ಕೆ ಬೇಲಿಯಿಲ್ಲ, ಶಕ್ತಿಯಿದ್ದವರು ಕೊಡುತ್ತಾರೆ, ಎಲ್ಲರೂ ಓದುತ್ತಾರೆ. ನಮ್ಮ ಕಡೆ ಸಹಕಾರ ಸಂಘ ಕಟ್ಟಿ ಅಡಿಕೆ ಮಾರಿದವರಿಗೆ, ಊರೊಟ್ಟಾಗಿ ಶಾಲೆ ಕಟ್ಟಿದವರಿಗೆ ಈ ಕ್ರಮ ಅಪರಿಚಿತವೇನಲ್ಲ. ಕನ್ನಡದಲ್ಲಿ ಜಿಲ್ಲಾ ಮಟ್ಟದ ಪತ್ರಿಕೋದ್ಯಮ ಉಳಿಯುವುದಾದರೆ ಹೀಗೆಯೇ ಉಳಿಯಬೇಕೆಂದು ನನಗೆ ಅನ್ನಿಸುತ್ತದೆ.

ಚಂದಾ ಕಟ್ಟುವ ಮುಂಚೆ ನೋಡಬೇಕಾದವು ಕೆಲವಿವೆ. ಪುಟದ ತಳದಲ್ಲಿ ಸಣ್ಣ ಅಕ್ಷರದಲ್ಲಿ ಮಾಲೀಕರು, ಪ್ರಕಾಶಕರು, ಮುದ್ರಕರು, ಸಂಪಾದಕರು ಯಾರೆಂದು ಅಚ್ಚಾಗಿರುತ್ತದೆ, ಸುದ್ದಿಯ ಆಯ್ಕೆಗೆ ಕಾನೂನಿನ ಪ್ರಕಾರ ಹೊಣೆ ಯಾರೆಂಬುದೂ ಅಲ್ಲೇ ಇರುತ್ತದೆ. ಮಾರ್ಚ್ ಆರಂಭದ ಸಂಚಿಕೆಗಳಲ್ಲಿ ಒಡೆತನದ ವಿವರ ಪ್ರಕಟಿಸುವ ಪದ್ಧತಿ 1956ರ ನಿಯಮಗಳಿಂದಲೂ ನಡೆದು ಬಂದಿದೆ, ಅದನ್ನು ಓದುವವರೇ ಇಲ್ಲ. ತಪ್ಪಾದಾಗ ತಿದ್ದುಪಡಿ ಹಾಕುತ್ತಾರೆಯೇ, ಹಾಕಿದರೆ ಕಾಣುವ ಜಾಗದಲ್ಲಿ ಹಾಕುತ್ತಾರೆಯೇ ಎಂಬುದು ಅದಕ್ಕಿಂತ ದೊಡ್ಡ ಪರೀಕ್ಷೆ. ಜಾಹೀರಾತು ಪುರವಣಿಯ ಮೇಲೆ ಅದು ಜಾಹೀರಾತು ಎಂದು ಬರೆದಿದೆಯೇ? ಕಳೆದ ವರ್ಷ ದೊಡ್ಡದಾಗಿ ಬರೆದ ಸುದ್ದಿಗೆ ಈ ವರ್ಷ ಮರಳಿ ಬಂದಿದ್ದಾರೆಯೇ?

ಕಟ್ಟಿದ ಮೇಲೂ ಕೆಲಸ ಮುಗಿಯುವುದಿಲ್ಲ. 2024ರ ಅಕ್ಟೋಬರ್‌ನಲ್ಲಿ ವಾಷಿಂಗ್ಟನ್ ಪೋಸ್ಟ್ ಅಧ್ಯಕ್ಷೀಯ ಅಭ್ಯರ್ಥಿಯನ್ನು ಅನುಮೋದಿಸದಿರಲು ನಿರ್ಧರಿಸಿದಾಗ ಕೆಲವೇ ದಿನಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮಂದಿ ಚಂದಾ ರದ್ದು ಮಾಡಿದರೆಂದು ವರದಿಯಾಯಿತು. ಆ ನಿರ್ಧಾರದ ಹಿಂದೆ ಮಾಲೀಕರಿದ್ದರು, ರದ್ದತಿಯ ಪೆಟ್ಟು ಬೀಳುವುದು ಸುದ್ದಿಮನೆಯ ಆದಾಯದ ಮೇಲೆ. ಚಂದಾ ನಿಲ್ಲಿಸುವುದು ಓದುಗನ ಕೈಯಲ್ಲಿರುವ ಬಲವಾದ ಆಯುಧ, ಹಾಗಾಗಿ ಯಾವುದಕ್ಕೆ ಬಳಸುತ್ತೇವೆ ಎಂಬುದು ಮುಖ್ಯ. ಸಂಪಾದಕೀಯ ನಮ್ಮ ಪಕ್ಷವನ್ನು ಟೀಕಿಸಿತೆಂದು ನಿಲ್ಲಿಸಿದರೆ ಪತ್ರಿಕೆಗೆ ಸಿಗುವ ಪಾಠ ಓದುಗನನ್ನು ಓಲೈಸು ಎಂಬುದೇ. ತಪ್ಪು ಅಂಕಿಯನ್ನು ತಿದ್ದದೇ ಇದ್ದುದಕ್ಕೆ, ಹೊಗಳಿಕೆಯನ್ನು ಸುದ್ದಿಯೆಂದು ಮಾರಿದ್ದಕ್ಕೆ, ಶಿರೂರಿನ ಗುಡ್ಡದ ಬಗ್ಗೆ ವರ್ಷವಿಡೀ ಒಂದು ಸಾಲೂ ಬರೆಯದೇ ಇದ್ದುದಕ್ಕೆ ಸಂಪಾದಕರಿಗೆ ಹೆಸರು ಹಾಕಿ ಪತ್ರ ಬರೆದು, ಉತ್ತರ ಬಾರದಿದ್ದಾಗ ನಿಲ್ಲಿಸಿದರೆ ಸಿಗುವ ಪಾಠ ಬೇರೆ. ನಾಲ್ಕೈದು ಸಾವಿರ ಪ್ರತಿಯಷ್ಟೇ ಹೋಗುವ ಜಿಲ್ಲಾ ಪತ್ರಿಕೆಗೆ ಅಂಥ ಇಪ್ಪತ್ತು ಪತ್ರ ಒಂದೇ ವಾರದಲ್ಲಿ ಬಂದರೆ, ಮುಂದಿನ ಸಂಪಾದಕೀಯ ಸಭೆಯಲ್ಲಿ ಆ ಮಾತು ಎತ್ತದೆ ಇರಲು ಸಾಧ್ಯವಾಗುವುದಿಲ್ಲ.